ಅಲ್ಲಿಯ ಬೇಸಿಗೆಗೆ ನಮ್ಮ ಕಕ್ಕಡದ ಪಾಠ

(ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟವರು ಮತ್ತು ಅವರ ಮನೆಯವರ ಮುಂದೆ ಕೊಡಗಿನ ವಿರಾಜಪೇಟೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನೂ ಸೇರಿಸಿದ್ದೇನೆ.)

ಹಿರಿಯರೇ, ತಾಯಂದಿರೇ, ಹೊರದೇಶಕ್ಕೆ ಹೊರಟು ನಿಂತಿರುವ ತಮ್ಮಂದಿರೇ, ತಂಗಿಯರೇ,

ನಾನು ಹುಟ್ಟಿ ಬೆಳೆದದ್ದು ನಾಪೋಕ್ಲು ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಯಲ್ಲಿ. ನರ್ಸಿಂಗ್ ಓದು ಮುಗಿಸಿದ ಮೇಲೆ ಕುವೈತ್‌ನಲ್ಲಿ ಒಂಬತ್ತು ವರ್ಷ, ಅನಂತರ ಯುಎಇಯಲ್ಲಿ ಹದಿಮೂರು ವರ್ಷ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ನಾನು ಬಂದಿರುವ ಸುದ್ದಿ ತಿಳಿದ ಮೇಲೆ ವಾರಕ್ಕೆ ಒಬ್ಬರಾದರೂ ಮನೆಗೆ ಬಂದು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ಸಂಬಳ ಎಷ್ಟು, ಏಜೆಂಟರನ್ನು ನಂಬಬಹುದೇ, ವೀಸಾ ಎಷ್ಟು ದಿನಕ್ಕೆ ಬರುತ್ತದೆ ಎಂದೆಲ್ಲ ವಿಚಾರಿಸುವವರು ಅಲ್ಲಿ ಜೂನ್ ತಿಂಗಳನ್ನು ಹೇಗೆ ಕಳೆಯಬೇಕು ಎಂದು ಮಾತ್ರ ಕೇಳುವುದಿಲ್ಲ. ನಾನೇ ಆ ಮಾತು ತೆಗೆದರೆ, "ಬಿಸಿಲು ತಾನೇ, ಗಟ್ಟಿ ಇದ್ದವನಿಗೆ ಏನೂ ಆಗುವುದಿಲ್ಲ" ಎಂಬ ಉತ್ತರ ಬರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ನನ್ನ ವಾರ್ಡಿನ ಹಾಸಿಗೆಯ ಮೇಲೆ ಮಲಗಿದ್ದಕ್ಕೆ ಈ ಒಂದು ಮಾತೇ ಕಾರಣವೆಂದು ನಾನು ತಿಳಿದಿದ್ದೇನೆ. ಆದ್ದರಿಂದ ಇಂದು ಹೆಚ್ಚು ಹೊತ್ತು ಬಿಸಿಲಿನ ವಿಷಯವನ್ನೇ ಮಾತನಾಡುತ್ತೇನೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಬ್ಯಾರಿ, ಮಲಯಾಳ ಯಾವುದನ್ನೇ ಆಡುವವರಾದರೂ ನಾವೆಲ್ಲ ಮಳೆನಾಡಿನವರು. ಅಲ್ಲಿಗೆ ಹೋದಾಗ ನಮ್ಮೆಲ್ಲರ ಮೈಗೂ ಬರುವ ಕಷ್ಟ ಒಂದೇ.

ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ನಾವು ಹೇಗೆ ಬದುಕುತ್ತೇವೆ ಎಂಬುದನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಮೇ ತಿಂಗಳಲ್ಲೇ ಸೌದೆ ಒಡೆದು ಜೋಡಿಸುತ್ತೇವೆ, ಅಕ್ಕಿ, ಉಪ್ಪು, ಒಣಮೀನು ಮನೆಗೆ ತಂದಿಡುತ್ತೇವೆ, ಹೆಂಚು ಸರಿಮಾಡಿ ಚರಂಡಿ ಬಿಡಿಸುತ್ತೇವೆ. ಮಳೆ ಹಿಡಿದ ಮೇಲೆ ತೋಟದ ಕೆಲಸದ ಹೊತ್ತನ್ನು ಬದಲಿಸಿಕೊಳ್ಳುತ್ತೇವೆ, ಹೊಳೆ ಅಡ್ಡ ಬರುವ ದಾರಿಯನ್ನು ಬಿಟ್ಟು ಸುತ್ತಿ ಹೋಗುತ್ತೇವೆ, ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡಿ ಉಣ್ಣುತ್ತೇವೆ. ಮಳೆಯಲ್ಲಿ ದಿನವಿಡೀ ನೆನೆದು ನಿಲ್ಲುವವನನ್ನು ನಮ್ಮೂರಿನಲ್ಲಿ ಯಾರೂ ಧೈರ್ಯವಂತ ಎನ್ನುವುದಿಲ್ಲ, ಬುದ್ಧಿ ಇಲ್ಲದವನು ಎನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಕಕ್ಕಡ ನಡೆಯುವಾಗಲೇ ಅಲ್ಲಿ ಬಿಸಿಲು ತನ್ನ ತುತ್ತತುದಿಯಲ್ಲಿರುತ್ತದೆ. ನಮ್ಮ ಹಿರಿಯರು ಮಳೆಗೆ ಕೊಟ್ಟಷ್ಟೇ ಗೌರವವನ್ನು ನೀವು ಆ ಬಿಸಿಲಿಗೆ ಕೊಡಬೇಕು, ಅಷ್ಟೇ ಮುಂಚಿತವಾಗಿ ಸಿದ್ಧರಾಗಬೇಕು ಎಂಬುದೇ ನಾನು ಹೇಳಬೇಕೆಂದು ಬಂದಿರುವ ವಿಷಯ.

ನಮ್ಮ ಮೈಯ ಒಳಗಿನ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಇದಕ್ಕಿಂತ ತಂಪಾಗಿರುವ ತನಕ ಮೈಯ ಬಿಸಿ ತಾನಾಗಿ ಗಾಳಿಗೆ ಹೋಗುತ್ತಿರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನವೂ 30 ಡಿಗ್ರಿಯ ಆಚೀಚೆಯೇ. ಹೀಗಾಗಿ ಧಾರಾಳವಾಗಿ ಬೆವರಿ ತಂಪಾಗುವ ಅಭ್ಯಾಸವೇ ನಮ್ಮ ಮೈಗೆ ಕಡಿಮೆ. ಗಾಳಿ ಮೈಗಿಂತ ಬಿಸಿಯಾದಾಗ ಹೊರಗಿನ ಶಾಖವೇ ಒಳಕ್ಕೆ ನುಗ್ಗತೊಡಗುತ್ತದೆ, ಆಗ ಬೆವರು ಆರುವುದೊಂದೇ ಉಳಿದ ದಾರಿ. ಕುವೈತ್‌ನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದ್ದು, ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿಕೊಂಡಿದೆ. ಅಷ್ಟು ಬಿಸಿಯಾದ ಒಣ ಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುವುದರಿಂದ ಹೊಸಬರು ತಮಗೆ ಬೆವರೇ ಬರುತ್ತಿಲ್ಲವೆಂದು ತಿಳಿಯುತ್ತಾರೆ, ಸಂಜೆ ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದಾಗಲೇ ಕಳೆದುಕೊಂಡದ್ದರ ಲೆಕ್ಕ ಸಿಗುತ್ತದೆ. ದುಬೈ, ಅಬುಧಾಬಿಯಂತಹ ಕಡಲ ತೀರದ ಊರುಗಳ ರೀತಿ ಬೇರೆ. ಆಗಸ್ಟ್ ರಾತ್ರಿಯಲ್ಲಿ ಅಲ್ಲಿ ಹೊರಗೆ ಕಾಲಿಟ್ಟರೆ ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ಬೇಯುವ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಹಬೆಯ ಹಾಗೆ ಗಾಳಿ ಬಡಿಯುತ್ತದೆ. ಅಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ಇದರಿಂದಾಗಿ ಉಷ್ಣಮಾಪಕದಲ್ಲಿ ಕಡಿಮೆ ಅಂಕಿ ತೋರಿಸುವ ಊರು ಸುಲಭದ ಊರು ಎಂದು ನಂಬಬೇಡಿ.

ಕುವೈತ್‌ಗೆ ಹೋದ ಎರಡನೆಯ ವರ್ಷ ನಾನು ಕಂಡ ಒಂದು ಘಟನೆಯನ್ನು ಹೇಳುತ್ತೇನೆ. ನಮ್ಮ ಕಡೆಯವನೇ ಆದ ಇಪ್ಪತ್ತಮೂರು ವರ್ಷದ ಹುಡುಗ, ಊರಿನಲ್ಲಿ ಹಾಕಿ ಆಡುತ್ತಿದ್ದವನು, ಕೆಲಸಕ್ಕೆ ಸೇರಿದ ಮೂರನೆಯ ದಿನ ಮಧ್ಯಾಹ್ನ ತೊದಲುತ್ತಾ ತೂರಾಡುತ್ತಾ ನಡೆಯತೊಡಗಿದನಂತೆ. ಜೊತೆಯವರು ಎಲ್ಲಿಯೋ ಕುಡಿದು ಬಂದಿರಬೇಕೆಂದು ಭಾವಿಸಿ, ಮೇಲಿನವರಿಗೆ ತಿಳಿದರೆ ಕೆಲಸ ಹೋಗುತ್ತದೆಂಬ ಕಾಳಜಿಯಿಂದಲೇ ಅವನನ್ನು ಒಂದು ಶೆಡ್ಡಿನಲ್ಲಿ ಮಲಗಿಸಿ ಬಾಗಿಲು ಮುಚ್ಚಿದರು. ಒಂದು ಗಂಟೆಯ ಮೇಲೆ ಆಸ್ಪತ್ರೆಗೆ ತಂದಾಗ ಅವನ ಮೈಯ ಶಾಖ 41 ಡಿಗ್ರಿ ದಾಟಿತ್ತು. ಅವನು ಬದುಕಿದ, ಆದರೆ ಮೂತ್ರಪಿಂಡಗಳು ಮೊದಲಿನಂತಾಗಲು ತಿಂಗಳುಗಳೇ ಬೇಕಾದವು. ಬಿಸಿಲಿನಲ್ಲಿದ್ದವನು ಅಸಂಬದ್ಧವಾಗಿ ಮಾತನಾಡಿದರೆ, ಹೆಸರು ಕೇಳಿದಾಗ ತಡವರಿಸಿದರೆ, ಕಾರಣವಿಲ್ಲದೆ ಸಿಟ್ಟಾದರೆ ಅದನ್ನು ಶಾಖಾಘಾತವೆಂದೇ ತಿಳಿಯಿರಿ. ಮೈ ಒಣಗಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವನ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಅದು ಬರುವ ತನಕ ಕಾಯದೆ ನೆರಳಿಗೆ ಎಳೆದು ಬಟ್ಟೆ ಸಡಿಲಿಸಿ ಸಿಕ್ಕಿದ ತಣ್ಣೀರನ್ನೆಲ್ಲ ಮೈಮೇಲೆ ಸುರಿಯಿರಿ, ಗಾಳಿ ಬೀಸಿರಿ, ಕುತ್ತಿಗೆಗೂ ಕಂಕುಳಿಗೂ ಮಂಜುಗಡ್ಡೆ ಇಡಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಬಾರದು. ಅಂತಹ ಹೊತ್ತಿನಲ್ಲಿ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಆ ಹುಡುಗ ಗಟ್ಟಿಯಾಗಿಯೇ ಇದ್ದ. ಅವನ ಮೈಗೆ ಹೊಂದಿಕೊಳ್ಳಲು ಸಮಯ ಸಿಗಲಿಲ್ಲ. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಏಳರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ಬೆವರು ಬೇಗ ಹೊರಡಲು ಕಲಿಯುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ರಕ್ತದ ದ್ರವಭಾಗ ಹೆಚ್ಚಿ ಅದೇ ಕೆಲಸಕ್ಕೆ ಹೃದಯ ಮೊದಲಿನಷ್ಟು ಬಡಿದುಕೊಳ್ಳಬೇಕಾಗಿ ಬರುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಹೊಸ ಕೆಲಸಗಾರರಿಗೆ ಒಂದು ಲೆಕ್ಕ ಹಾಕಿಕೊಟ್ಟಿದ್ದಾರೆ: ಮೊದಲ ದಿನ ಮಾಮೂಲಿ ಕೆಲಸದ ಶೇ 20 ಭಾಗವಷ್ಟೇ ಬಿಸಿಲಿನಲ್ಲಿ, ಮುಂದೆ ದಿನಕ್ಕೆ ಶೇ 20ಕ್ಕಿಂತ ಹೆಚ್ಚಿಸದಂತೆ. ಎಂಟು ಗಂಟೆಯ ಕೆಲಸವಾದರೆ ಮೊದಲ ದಿನ ಬಿಸಿಲಿನ ಪಾಲು ಸುಮಾರು ಒಂದೂವರೆ ಗಂಟೆ. ಎಲ್ಲ ಕಡೆಯೂ ಇದನ್ನು ಪಾಲಿಸುತ್ತಾರೆಂದು ನಾನು ಹೇಳಲಾರೆ, ಆದರೆ ಕೆಲಸಕ್ಕೆ ಸೇರುವ ದಿನವೇ "ನಾನು ಹೊಸಬ, ತಂಪು ಪ್ರದೇಶದಿಂದ ಬಂದಿದ್ದೇನೆ, ಮೊದಲ ವಾರ ನೆರಳಿನ ಕೆಲಸ ಕೊಡಿ" ಎಂದು ಮೇಲ್ವಿಚಾರಕರನ್ನು ಕೇಳಿಕೊಂಡು ಅದನ್ನು ಪಡೆದವರನ್ನು ಕಂಡಿದ್ದೇನೆ. ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಇದರ ಜೊತೆಗೇ ಹಳಬರಿಗೂ ಒಂದು ಎಚ್ಚರಿಕೆ ಇದೆ. ಹೊಂದಿಕೊಂಡ ಮೈ ಆ ಅಭ್ಯಾಸವನ್ನು ಬಹು ಬೇಗ ಮರೆಯುತ್ತದೆ. ವಾರಗಟ್ಟಲೆ ಬಿಸಿಲು ಬಿಟ್ಟಿದ್ದರೆ ಗಳಿಸಿದ್ದರಲ್ಲಿ ಬಹುಪಾಲು ಕಳೆದುಹೋಗುತ್ತದೆ, ಒಂದು ತಿಂಗಳಾದರೆ ಹೆಚ್ಚುಕಡಿಮೆ ಎಲ್ಲವೂ. ನಮ್ಮವರು ಜುಲೈಯಲ್ಲಿ ರಜೆ ಹಾಕಿ ಮಳೆ ನೋಡಲು ಊರಿಗೆ ಬರುತ್ತಾರೆ, ಒಂದು ತಿಂಗಳು ಒಲೆಯ ಮುಂದೆ ಕುಳಿತು ಆಗಸ್ಟ್ ನಡುವಿನಲ್ಲಿ ವಿಮಾನ ಹತ್ತಿ ಮರುದಿನವೇ ಪೂರ್ಣ ಕೆಲಸಕ್ಕೆ ನಿಲ್ಲುತ್ತಾರೆ. ಹತ್ತು ವರ್ಷ ಅಲ್ಲಿದ್ದವರಾದರೂ ಆ ದಿನ ಅವರು ಹೊಸಬರೇ.

ನೀರಿನ ವಿಷಯಕ್ಕೆ ಬರುತ್ತೇನೆ. ಬಾಯಾರಿಕೆ ಆಗುವುದನ್ನು ಕಾಯಬಾರದು. ಬಿಸಿಲಿನಲ್ಲಿ ದುಡಿಯುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ಕುಡಿಯಬೇಕು. ಹಾಗೆಂದು ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯುವುದೂ ಅಪಾಯವೇ, ಏಕೆಂದರೆ ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು ಎರಡೂ, ಹೊತ್ತಿಗೆ ಸರಿಯಾಗಿ ಊಟ ಮಾಡುವವನಿಗೆ ಊಟದ ಉಪ್ಪೇ ಸಾಕು. ಊಟ ಬಿಟ್ಟು ಬರೀ ನೀರು ಕುಡಿಯುವವರಿಗೇ ತೊಂದರೆ. ಬೆಳಗ್ಗೆ ನಮ್ಮ ಅಜ್ಜಿಯರು ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿ ಮತ್ತು ಮಧ್ಯಾಹ್ನದ ನೀರುಮಜ್ಜಿಗೆಯನ್ನು ನಾನು ವಾರ್ಡಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಅಲ್ಲಿನ ಅಂಗಡಿಗಳಲ್ಲಿ ಲಬನ್ ಎಂಬ ಹೆಸರಿನಲ್ಲಿ ಮಜ್ಜಿಗೆಯಂತಹುದೇ ಬಾಟಲಿಯಲ್ಲಿ ಸಿಗುತ್ತದೆ, ಅದಕ್ಕೆ ನೀರು, ಉಪ್ಪು ಸೇರಿಸಿದರೆ ಸಾಕು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ ಎಂದರ್ಥ, ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಆ ದಿನದ ಕೆಲಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನೀರು ಕಡಿಮೆ ಕುಡಿಯುವವರಿಗೆ ಒಂದೆರಡು ವರ್ಷದಲ್ಲಿ ಮೂತ್ರಪಿಂಡದಲ್ಲಿ ಕಲ್ಲಾಗುವುದು ಆ ದೇಶಗಳಲ್ಲಿ ತೀರ ಸಾಮಾನ್ಯ; ಶೌಚಾಲಯ ದೂರವಿದೆಯೆಂದು ನೀರು ಕುಡಿಯದೆ ಇರುವ ತಂಗಿಯರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತೇನೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ, ಶೀತಕ್ಕೆ ಕೆಲವು ಅಲರ್ಜಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ಬೇಗ ತಾಕುತ್ತದೆ, ಅಂಥವರು ಹೊರಡುವ ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳಬೇಕು.

ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಅಲ್ಲಿನ ಸರ್ಕಾರಗಳೇ ಬೇಸಿಗೆಯಲ್ಲಿ ನಿಷೇಧಿಸಿವೆ ಎಂಬುದು ನಮ್ಮ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ, ಸೌದಿಯಲ್ಲಿ ಅದೇ ದಿನಗಳಲ್ಲಿ 12ರಿಂದ 3, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಗ್ಗೆ 11ರಿಂದ ಸಂಜೆ 4, ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ 10ರಿಂದ 3.30. ಈ ಹೊತ್ತನ್ನು ಕಂಪನಿಯ ಕೆಲಸಕ್ಕಷ್ಟೇ ಅಲ್ಲದೆ ನಿಮ್ಮ ಸ್ವಂತ ಓಡಾಟಕ್ಕೂ ಅನ್ವಯಿಸಿಕೊಳ್ಳಿ. ಬ್ಯಾಂಕು, ಅಂಗಡಿ, ನಡಿಗೆ, ಆಟ ಎಲ್ಲವೂ ಬೆಳಗ್ಗೆ ಎಂಟರ ಒಳಗೆ, ಇಲ್ಲವೇ ಸೂರ್ಯ ಮುಳುಗಿದ ಮೇಲೆ. ಅಲ್ಲಿನ ಮಾರುಕಟ್ಟೆಗಳು ರಾತ್ರಿ ಹತ್ತು ಹನ್ನೊಂದರ ತನಕ ಬೆಳಗುತ್ತಿರುವುದು ಆ ನೆಲದವರು ತಮ್ಮ ಬಿಸಿಲಿಗೆ ತಕ್ಕಂತೆ ಕಟ್ಟಿಕೊಂಡ ಬದುಕು. ಅವರನ್ನು ನೋಡಿ ಕಲಿಯುವುದು ಬಹಳವಿದೆ: ಮೈ ತುಂಬ ಸಡಿಲವಾದ ತಿಳಿಬಣ್ಣದ ಬಟ್ಟೆ, ತಲೆಗೂ ಕುತ್ತಿಗೆಗೂ ಮುಚ್ಚಿಗೆ. ತೋಳಿಲ್ಲದ ಬನಿಯನ್ ತಂಪು ಎಂದು ನಾವು ಭಾವಿಸುತ್ತೇವೆ, ಆ ಬಿಸಿಲಿನಲ್ಲಿ ಅದು ಚರ್ಮವನ್ನು ಸುಡುತ್ತದೆ.

ಮನೆಯ ವಿಷಯ. ಕೋಣೆ ಹುಡುಕುವಾಗ ಬಾಡಿಗೆಯ ಜೊತೆಗೆ ಅದು ಮೇಲ್ಮಹಡಿಯೇ, ಕಿಟಕಿ ಪಡುವಣಕ್ಕಿದೆಯೇ ಎಂದು ನೋಡಿ. ಮೇಲ್ಮಹಡಿಯ ತಾರಸಿ ಹಗಲೆಲ್ಲ ಕಾದು ರಾತ್ರಿಯಿಡೀ ಕೆಳಕ್ಕೆ ಶಾಖ ಬಿಡುತ್ತದೆ. ದುಬೈಯಲ್ಲಿ ಕೆಲವು ಕಟ್ಟಡಗಳನ್ನು ಚಿಲ್ಲರ್ ಫ್ರೀ ಎನ್ನುತ್ತಾರೆ. ಅಲ್ಲಿ ತಂಪು ಗಾಳಿಯ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ, ಬೇರೆಡೆ ಜುಲೈ ತಿಂಗಳ ಬಿಲ್ಲು ಕೈಗೆ ಬಂದಾಗಲೇ ವ್ಯತ್ಯಾಸ ತಿಳಿಯುವುದು. ಎಸಿಯನ್ನು ಹದಿನೆಂಟಕ್ಕೆ ಇಟ್ಟು ಕಂಬಳಿ ಹೊದೆಯುವ ಅಭ್ಯಾಸ ನಮ್ಮವರಲ್ಲಿ ಬಹಳ, ಪ್ರಾಯಶಃ ಮಡಿಕೇರಿಯ ಚಳಿ ನೆನಪಾಗುತ್ತದೆಯೇನೋ. 24ರ ಸುತ್ತಮುತ್ತ ಇಟ್ಟರೆ ಹೊರಗಿನ ಬಿಸಿಗೂ ಒಳಗಿನ ತಂಪಿಗೂ ಅಂತರ ಕಡಿಮೆಯಾಗಿ ತಲೆನೋವು, ಮೂಗು ಕಟ್ಟುವುದು ತಪ್ಪುತ್ತದೆ. ಮರಳಿನ ಗಾಳಿ ಬೀಸುವ ದೇಶವಾದ್ದರಿಂದ ಎಸಿಯ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಎಸಿ ಕೆಟ್ಟು ಕೋಣೆ 40 ಡಿಗ್ರಿ ದಾಟಿತೆನ್ನಿ, ಆಗ ಫ್ಯಾನ್ ಹಾಕಿ ಕುಳಿತರೆ ಅದು ಬಿಸಿ ಗಾಳಿಯನ್ನೇ ಮೈಗೆ ತಳ್ಳುತ್ತದೆ. ಪಕ್ಕದವರ ಕೋಣೆಗೋ ಹತ್ತಿರದ ದೊಡ್ಡ ಅಂಗಡಿಗೋ ಹೋಗಿ ಕೂರುವುದೇ ಸರಿ.

ಸ್ನಾನದ ಮನೆಯಲ್ಲೊಂದು ಉಪಾಯವಿದೆ, ಅದನ್ನು ನನಗೆ ಹೇಳಿಕೊಟ್ಟವರು ಪಕ್ಕದ ಮನೆಯಲ್ಲಿದ್ದ, ಕೇರಳದ ತಿರುವಲ್ಲ ಊರಿನ ಚೇಚಿ (ಅಕ್ಕ). ಅಲ್ಲಿ ಕುಡಿಯುವ ನೀರಿನ ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು, ಅದು ತಾರಸಿಯ ಟ್ಯಾಂಕಿನಲ್ಲಿ ನಿಂತು ಕಾಯುವುದರಿಂದ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೇ ಕೈ ಸುಡುವ ನೀರು ಬರುತ್ತದೆ. ಮೇ ತಿಂಗಳಲ್ಲೇ ಸ್ನಾನದ ಮನೆಯ ಗೀಸರಿನ ಸ್ವಿಚ್ ಆರಿಸಿಬಿಡಿ. ಎಸಿಯ ತಂಪಿನಲ್ಲಿರುವ ಗೀಸರಿನೊಳಗಿನ ನೀರು ತಣ್ಣಗಾಗಿರುತ್ತದೆ; ಆಗ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ಮಕ್ಕಳಿಗೆ ಸ್ನಾನ ಮಾಡಿಸುವ ತಾಯಂದಿರು ಇದನ್ನು ಮರೆಯಬಾರದು.

ಇನ್ನೊಂದನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ. 2024ರ ಜೂನ್ 12ರ ಮುಂಜಾನೆ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಹತ್ತಿ ಭಾರತೀಯರೇ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ನೆಲಮಹಡಿಯಲ್ಲಿ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಆದದ್ದು ಕಾರಣವೆಂದು ತನಿಖೆಯವರು ಹೇಳಿದರು, ಹೆಚ್ಚಿನವರ ಪ್ರಾಣ ಹೋದದ್ದು ಹೊಗೆಯಿಂದ. ಬೇಸಿಗೆಯಲ್ಲಿ ಎಲ್ಲ ಕೋಣೆಗಳ ಎಸಿಯೂ ಹಗಲಿರುಳು ಓಡುವಾಗ ವೈರುಗಳ ಮೇಲೆ ಹೊರೆ ಬೀಳುತ್ತದೆ. ಹೊಸ ಕೋಣೆಗೆ ಕಾಲಿಟ್ಟ ದಿನವೇ ಮೆಟ್ಟಿಲು ಎಲ್ಲಿದೆ, ಎರಡನೆಯ ದಾರಿ ಎಲ್ಲಿದೆ, ತಾರಸಿಯ ಬಾಗಿಲಿಗೆ ಬೀಗವಿದೆಯೇ ಎಂದು ನಡೆದು ನೋಡಿ. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಒಲೆ, ಇಸ್ತ್ರಿಪೆಟ್ಟಿಗೆ, ಚಾರ್ಜರುಗಳನ್ನೆಲ್ಲ ಸಿಕ್ಕಿಸಬೇಡಿ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿಗೂ ಮೇಲೆ ಬಿಸಿಯೇರುತ್ತದೆ. ಐದು ನಿಮಿಷಕ್ಕೆಂದೂ ಮಗುವನ್ನು ಅದರಲ್ಲಿ ಬಿಡಬಾರದು. ಪವರ್ ಬ್ಯಾಂಕ್, ಸೆಂಟಿನ ಡಬ್ಬಿ, ಇನ್ಸುಲಿನ್ ಕೂಡ ಬಿಡಬಾರದು. ಮಳೆಯೇ ಇಲ್ಲದ ದೇಶವೆಂದು ನಂಬಿ ಹೋಗುವವರಿಗೆ 2024ರ ಏಪ್ರಿಲ್ 16ರ ನೆನಪು ಹೇಳುತ್ತೇನೆ. ಅಂದು ಯುಎಇಯ ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಮಳೆ ಸುರಿಯಿತು. ಭಾಗಮಂಡಲದವರಿಗೆ ಈ ಅಂಕಿ ಹೊಸದಲ್ಲ, ಆದರೆ ನಮ್ಮ ನೆಲಕ್ಕೆ ಇಳಿಜಾರಿದೆ, ಹೊಳೆಯಿದೆ, ನೀರು ಕುಡಿಯುವ ಕಾಡಿದೆ. ಅಲ್ಲಿ ನೀರು ಹೋಗಲು ದಾರಿಯಿಲ್ಲದೆ ಹೆದ್ದಾರಿಗಳೇ ಕೆರೆಗಳಾದವು. ವಾದಿ ಎಂದು ಕರೆಯುವ ಒಣ ಕಣಿವೆಗಳಲ್ಲಿ ಮೋಡ ಕವಿದಾಗ ನಿಲ್ಲಬೇಡಿ, ನೀರು ಎಲ್ಲಿಂದಲೋ ಬೆಟ್ಟದ ಮೇಲಿಂದ ಗೋಡೆಯಂತೆ ಬರುತ್ತದೆ. ಓಮಾನಿನ ಸಲಾಲಾಕ್ಕೆ ಹೋಗುವವರು ಮಾತ್ರ ಭಾಗ್ಯವಂತರು: ಖರೀಫ್ ಎನ್ನುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲದಲ್ಲಿ ಅಲ್ಲಿನ ಗುಡ್ಡಗಳ ಮೇಲೆ ಮಂಜು, ಜಿನುಗು ಮಳೆ, ಕೆಳಗೆ ತೆಂಗು ಬಾಳೆ. ಒಮ್ಮೆ ಅಲ್ಲಿಗೆ ಹೋದಾಗ ಊರು ಕಣ್ಣ ಮುಂದೆ ಬಂದು ನಿಂತಂತಾಯಿತು.

ಊಟಕ್ಕೆ ಅಲ್ಲಿ ಕೊರತೆಯಿಲ್ಲ, ಕುಸುಬಲಕ್ಕಿಯಿಂದ ಹಿಡಿದು ಅಕ್ಕಿಹಿಟ್ಟಿನವರೆಗೆ ಎಲ್ಲವೂ ಸಿಗುತ್ತದೆ. ಹಂದಿಮಾಂಸ ಯುಎಇಯ ಕೆಲವು ಅಂಗಡಿಗಳ ಪ್ರತ್ಯೇಕ ಭಾಗದಲ್ಲಿ ಮುಸ್ಲಿಮೇತರರಿಗೆ ದೊರೆಯುತ್ತದೆ, ಕುವೈತ್ ಮತ್ತು ಸೌದಿಯಲ್ಲಿ ನಿಷಿದ್ಧ. ಮನೆಯಿಂದ ಪಂದಿ ಕರಿ ಕಟ್ಟಿಕೊಡುವ ಪ್ರೀತಿಯನ್ನು ದಯವಿಟ್ಟು ತಡೆದುಕೊಳ್ಳಿ. ಮದ್ಯವೂ ಕುವೈತ್‌ನಲ್ಲಿ ನಿಷಿದ್ಧ. 2025ರ ಆಗಸ್ಟ್‌ನಲ್ಲಿ ಅಲ್ಲಿ ಕದ್ದು ತಯಾರಿಸಿದ ಮದ್ಯದಲ್ಲಿದ್ದ ಮೆಥನಾಲ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಬದುಕುಳಿದವರಲ್ಲಿ ದೃಷ್ಟಿ ಕಳೆದುಕೊಂಡವರೂ ಇದ್ದರು. ಹಬ್ಬಕ್ಕೂ ಸಾವಿಗೂ ಮದ್ಯವಿರುವ ನಮ್ಮ ಕೆಲವು ಮನೆಗಳಿಂದ ಹೋಗುವವರಿಗೆ ಈ ಮಾತನ್ನು ನಾನು ಕೈಮುಗಿದು ಹೇಳುತ್ತಿದ್ದೇನೆ. ರಂಜಾನ್ ತಿಂಗಳಲ್ಲಿ ಹಗಲು ಎಲ್ಲರೆದುರು ತಿನ್ನುವುದು, ಕುಡಿಯುವುದು ಬೇಡ. ಬಿಸಿಲಿನಲ್ಲಿ ನೀರು ಬೇಕಾದಾಗ ಮರೆಗೆ ಹೋಗಿ ಕುಡಿಯಿರಿ, ಬಿಡಬೇಡಿ. ಅರಬ್ಬರ ಮನೆಯಲ್ಲಿ ಏಲಕ್ಕಿ ಹಾಕಿದ ಕಾಫಿಯನ್ನು ಸಣ್ಣ ಬಟ್ಟಲಿನಲ್ಲಿ ಕೊಡುತ್ತಾರೆ; ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲುಗಿಸಿ ಹಿಂದಿರುಗಿಸಬೇಕು, ಇಲ್ಲವಾದರೆ ತುಂಬುತ್ತಲೇ ಇರುತ್ತಾರೆ. ಕಾಫಿ, ಏಲಕ್ಕಿ ಎರಡನ್ನೂ ಬೆಳೆಯುವ ನಾಡಿನವರು ನಾವೆಂದು ತಿಳಿದಾಗ ಅವರ ಮುಖ ಅರಳುವುದನ್ನು ಕಂಡಿದ್ದೇನೆ.

ಈಗ ಚೀಲ ಕಟ್ಟುವ ಮಾತು. ದಕ್ಷಿಣ ಕೊಡಗಿನವರಿಗೆ 2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ಆದರೆ ಮಳೆಗಾಲದಲ್ಲಿ ಅಲ್ಲಿಗೆ ಇಳಿಯುವ ಮಾಕುಟ್ಟ ಘಾಟಿಯಲ್ಲಿ ಮರ ಬೀಳುತ್ತದೆ, ಗುಡ್ಡ ಜರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನದ ಹಿಂದಿನ ದಿನವೇ ಘಾಟಿ ಇಳಿದಿರಿ. ಗಸಗಸೆಯನ್ನು ಒಯ್ಯಲೇಬಾರದು. ನಮಗೆ ಅದು ಪಾಯಸದ ಸಾಮಾನು, ಯುಎಇ, ಸೌದಿ, ಕತಾರ್‌ಗಳಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದೆ, ಅದರಿಂದ ಜೈಲು ಕಂಡವರಿದ್ದಾರೆ. ಮನೆಯಲ್ಲಿ ಪುಡಿಮಾಡಿದ ಮಸಾಲೆಯಲ್ಲಿ ಒಂದು ಚಿಟಿಕೆ ಸೇರಿದ್ದರೂ ಬೇಡ. ವೀಳ್ಯದೆಲೆಯನ್ನೂ ಯುಎಇಯಲ್ಲಿ ಬಿಡುವುದಿಲ್ಲ. ಮಳೆಗಾಲದ ಕೆಮ್ಮಿಗೆ ಕುಡಿಯುವ ಕೆಲವು ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ, ನೋವಿಗೆ ಕೊಡುವ ಟ್ರಾಮಡಾಲ್, ನಿದ್ರೆಗೆ ಕೊಡುವ ಕೆಲವು ಮಾತ್ರೆಗಳು ಅಲ್ಲಿ ನಿಯಂತ್ರಿತ ಔಷಧಗಳು. ಬೇಕೇ ಬೇಕಾದರೆ ವೈದ್ಯರ ಚೀಟಿಯೊಡನೆ ಆ ದೇಶದ ಆರೋಗ್ಯ ಇಲಾಖೆಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಯಾರೋ ಗುರುತಿನವರು ಕೊಟ್ಟ ಪೊಟ್ಟಣವನ್ನು ನಿಮ್ಮ ಕೈಯಾರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಬಿಚ್ಚಲು ಬಿಡದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಮತ್ತೊಂದು, ನಮ್ಮ ಜಿಲ್ಲೆಗಷ್ಟೇ ಸಲ್ಲುವ ಮಾತು: ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಅಪ್ಪನ, ಚಿಕ್ಕಪ್ಪನ ಹಳೆಯ ಚೀಲದ ಮೂಲೆಯಲ್ಲಿ ಒಂದು ತೋಟಾ ಉಳಿದಿರಬಹುದು. ವಿಮಾನ ನಿಲ್ದಾಣದ ಯಂತ್ರ ಅದನ್ನು ಬಿಡುವುದಿಲ್ಲ, ವಿನಾಯಿತಿಯ ಮಾತನ್ನು ಅಲ್ಲಿ ಯಾರೂ ಕೇಳುವುದೂ ಇಲ್ಲ. ಸಾಧ್ಯವಾದರೆ ಹೊಸ ಚೀಲವನ್ನೇ ಕೊಳ್ಳಿ.

ಕಾಗದಪತ್ರಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ವರ್ಗಕ್ಕೆ ಸೇರುತ್ತದೆ. ಕೊಲ್ಲಿಯ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯಬೇಕು. ಅವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷದ ಅಪಘಾತ ವಿಮೆ ಇದೆ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ತೆರಿಗೆ, ಅದಕ್ಕಿಂತ ಹೆಚ್ಚಿಲ್ಲ. ಭೇಟಿ ವೀಸಾದಲ್ಲಿ ಹೋಗಿ ಆಮೇಲೆ ಕೆಲಸಕ್ಕೆ ಬದಲಿಸಿಕೊಳ್ಳೋಣ ಎನ್ನುವವರ ಮಾತಿಗೆ ಒಪ್ಪಿದರೆ ಈ ರಕ್ಷಣೆ ಯಾವುದೂ ಇರುವುದಿಲ್ಲ. ಯುಎಇಯಲ್ಲಿ ಮಾಲೀಕರು ನಿಮ್ಮ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ತೊಂದರೆಯಾದರೆ ದುಬೈಯ ಭಾರತೀಯ ಸಹಾಯ ಕೇಂದ್ರದ 800 46342 ಎಂಬ ಉಚಿತ ಸಂಖ್ಯೆ ದಿನದ 24 ಗಂಟೆಯೂ ಇರುತ್ತದೆ. ಫೋನಿನಲ್ಲಿ ಬರೆದುಕೊಳ್ಳಿ.

ಫೋನಿನದೇ ಇನ್ನೆರಡು ವಿಷಯ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಸಂದೇಶವಷ್ಟೇ. ಕರೆಗೆ ಬೋಟಿಮ್‌ನಂತಹ ಅನುಮತಿ ಪಡೆದ ಆ್ಯಪ್‌ಗಳನ್ನು ಮನೆಯವರ ಫೋನಿಗೂ ಹಾಕಿಕೊಟ್ಟು ಹೋಗಿ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗಿ ಟವರ್ ಸತ್ತರೆ ಎರಡು ಮೂರು ದಿನ ಸುದ್ದಿ ಇರುವುದಿಲ್ಲವೆಂದು ಮೊದಲೇ ಮಾತಾಡಿಕೊಂಡಿದ್ದರೆ ಇಬ್ಬರಿಗೂ ಗಾಬರಿಯಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದಾಗ ಅಲ್ಲಿದ್ದ ನಮಗೆಲ್ಲ ಕೈಲಾದಷ್ಟು ಹಣ ಕೂಡಿಸಿ ಕಳುಹಿಸುವ ಆತುರವಿತ್ತು. ಆದರೆ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಚಂದಾ ಎತ್ತುವುದು, ವಾಟ್ಸಾಪಿನಲ್ಲಿ ಕೇಳುವುದು ಸಹ, ಯುಎಇಯಲ್ಲಿ ಅಪರಾಧ. ಸಹಾಯ ಮಾಡುವವರು ತಮ್ಮ ಸ್ವಂತ ಖಾತೆಯಿಂದ ತಾವೇ ಕಳುಹಿಸಬೇಕು.

ತೋಟದ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಹತ್ತು ವರ್ಷ ದುಡಿದು ಎರಡೆಕರೆ ಕಾಫಿ ತೋಟ ಕೊಳ್ಳುವುದು ನಮ್ಮಲ್ಲಿ ಬಹಳ ಜನರ ಆಸೆ. ಅನಿವಾಸಿಯಾಗಿರುವ ತನಕ ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್ ಹೌಸ್ ಇವನ್ನು ಕೊಳ್ಳಲು ವಿದೇಶಿ ವಿನಿಮಯದ ನಿಯಮಗಳು ಬಿಡುವುದಿಲ್ಲ. ರಾಜ್ಯದ ಭೂಸುಧಾರಣಾ ಕಾಯ್ದೆ ಸಡಿಲವಾಗಿದ್ದರೂ ಈ ನಿಯಮ ಹಾಗೆಯೇ ಇದೆ. ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿದ್ದ ತೋಟ ನಿಮ್ಮದೇ ಆಗಿ ಉಳಿಯುತ್ತದೆ, ಅಪ್ಪನಿಂದ ವಾರಸುದಾರಿಕೆಯಾಗಿಯೂ ಬರಬಹುದು. ಮನೆ, ನಿವೇಶನ ಕೊಳ್ಳಲು ಅಡ್ಡಿಯಿಲ್ಲ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿ, ಅಲ್ಲಿಂದ ಕಳುಹಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಕಣದ ಕೆಲಸ, ಕಾಫಿ ಮಾರಾಟ, ಪಹಣಿಯ ವ್ಯವಹಾರಗಳಿಗೆ ತಮ್ಮನಿಗೋ ಅಕ್ಕನಿಗೋ ಮುಖ್ತ್ಯಾರು ಪತ್ರ ಕೊಡುವುದಾದರೆ ಹೊರಡುವ ಮೊದಲು ಇಲ್ಲೇ ಮಾಡಿಸುವುದು ಸುಲಭ.

ಪ್ರಶ್ನೆಗಳಿಗೆ ಹೊತ್ತು ಕೊಟ್ಟಾಗ ಒಬ್ಬ ಯುವಕರು ಯಾವ ತಿಂಗಳು ಹೋಗುವುದು ಒಳ್ಳೆಯದೆಂದು ಕೇಳಿದರು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಕಾವೇರಿ ಸಂಕ್ರಮಣ ಮುಗಿಸಿ ಅಕ್ಟೋಬರ್ ಕೊನೆಯಲ್ಲಿ ಹೊರಡಿ. ನಮ್ಮ ಸುಗ್ಗಿಯ ಹಬ್ಬವಾದ ಪುತ್ತರಿಗೆ ಊರಿನಲ್ಲಿರಲಾಗಲಿಲ್ಲವೆಂಬ ನೋವು ಇರುತ್ತದೆ, ಆದರೆ ಅಲ್ಲಿ ಆಗ ಹಿತವಾದ ಕಾಲ. ಬಿಸಿಲು ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗುವುದರಿಂದ ಮೈ ತಾನಾಗಿ ಅದರ ಜೊತೆ ಏರುತ್ತದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, "ಸಿಸ್ಟರ್, ನನ್ನ ಮಗನಿಗೆ ಜೂನ್ ಹತ್ತಕ್ಕೇ ಬಂದು ಸೇರಬೇಕೆಂದು ಹೇಳಿದ್ದಾರೆ, ಈಗ ಏನು ಮಾಡುವುದು?" ಎಂದು ಕೇಳಿದರು. ಹೊರಡುವ ಎರಡು ವಾರ ಮೊದಲಿನಿಂದ ದಿನಕ್ಕೊಂದು ಗಂಟೆ ಬೆವರು ಹರಿಯುವಂತೆ ಅವನು ಜೋರಾಗಿ ನಡೆಯಲಿ ಅಥವಾ ಓಡಲಿ, ಸಾಧ್ಯವಿದ್ದರೆ ಕೊನೆಯ ವಾರ ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ನೆಂಟರ ಮನೆಯಲ್ಲಿ ಎಸಿ ಇಲ್ಲದೆ ಉಳಿಯಲಿ ಎಂದೆ. ಹೋದ ಮೇಲೆ ಮೊದಲ ಎರಡು ವಾರ ಪ್ರತಿ ರಾತ್ರಿ ಫೋನ್ ಮಾಡಿದಾಗ "ಊಟ ಆಯಿತಾ" ಎಂದು ಕೇಳುವುದರ ಜೊತೆಗೆ, ಇಂದು ಎಷ್ಟು ಹೊತ್ತು ಬಿಸಿಲಿನಲ್ಲಿದ್ದೆ, ಎಷ್ಟು ಬಾಟಲಿ ನೀರು ಕುಡಿದೆ, ಮೂತ್ರದ ಬಣ್ಣ ಹೇಗಿತ್ತು, ರಾತ್ರಿ ನಿದ್ರೆ ಬಂತೇ ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳಿ ಎಂದು ಹೇಳಿದೆ. ಅವರು ಪಕ್ಕದಲ್ಲಿದ್ದ ಮಗನ ಕೈಗೆ ಪೆನ್ನು ಕೊಟ್ಟು, ಆ ನಾಲ್ಕನ್ನೂ ಒಂದು ಕಾಗದದಲ್ಲಿ ಅವನಿಂದಲೇ ಬರೆಸಿಕೊಂಡು ಕುಳಿತರು.